ಬೇಡದ ಕಡೆಗೆ ವಾಲಿದ ಮರವನ್ನು ಕೆಡವಲು ಉಪಕರಣಗಳ ಆಯ್ಕೆ

ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆಂದೂ ಕಾಳುಮೆಣಸಿನ ಬಳ್ಳಿಯ ಆಸರೆಗೆಂದೂ ಬೆಳೆಸಿದ ಸಿಲ್ವರ್ ಓಕ್ ಮರಗಳು ಬಲಿತಾಗ ಅವುಗಳನ್ನು ಕಡಿದು ಮಾರುವುದು ಬೆಳೆಗಾರರಿಗೆ ಒಂದು ಆದಾಯ. ತೋಟದ ನಡುವೆ ನೆಟ್ಟಗೆ ಬೆಳೆದ ಮರಗಳನ್ನು ಕೆಡವುವುದು ಅಷ್ಟು ಕಷ್ಟವಲ್ಲ. ಅಂಚಿನ ಮರಗಳದ್ದೇ ತೊಂದರೆ. ಮರ ಬೆಳಕಿನ ಕಡೆಗೆ ಬಾಗುತ್ತದೆ. ಬೆಳಕು ಬರುವುದು ಬಯಲಾದ ಕಡೆಯಿಂದ. ತೋಟದಲ್ಲಿ ಬಯಲು ಎಂದರೆ ಮನೆ, ಕಾಫಿ ಕಣ, ಕೂಲಿ ಲೈನು, ರಸ್ತೆ, ಇಲ್ಲವೇ ವಿದ್ಯುತ್ ತಂತಿ ಹಾದುಹೋದ ಜಾಗ. ಹೀಗಾಗಿ ಯಾವ ಕಡೆ ಮರ ಬೀಳಲೇಬಾರದೋ ಆ ಕಡೆಗೇ ಅದು ವಾಲಿ ನಿಂತಿರುತ್ತದೆ.

ಇಂತಹ ಮರವನ್ನು ವಾಲಿನ ವಿರುದ್ಧ ದಿಕ್ಕಿಗೆ ಕೆಡವಬಹುದು. ಆದರೆ ಅದಕ್ಕೆ ಬೇಕಾದ ಸಾಮಾನು ಯಾವುದು ಎಂಬುದನ್ನು ಗರಗಸ ಹಚ್ಚುವ ಮೊದಲೇ ತೀರ್ಮಾನಿಸಬೇಕು. ಅರ್ಧ ಕೊಯ್ದ ಮೇಲೆ ಹಗ್ಗ ಹುಡುಕಲು ಹೋಗುವುದು, ಜೀಪು ತರಿಸುವುದು ನಮ್ಮಲ್ಲಿ ಸಾಮಾನ್ಯ. ಅವಘಡಗಳೂ ಹೆಚ್ಚಾಗಿ ಅಲ್ಲೇ ಆಗುತ್ತವೆ.

ಮೊದಲು ವಾಲನ್ನು ಅಳೆಯಿರಿ

ಕಣ್ಣಂದಾಜಿನಲ್ಲಿ ವಾಲು ಯಾವಾಗಲೂ ಕಡಿಮೆ ಕಾಣುತ್ತದೆ, ಇಳಿಜಾರು ಜಾಗದಲ್ಲಂತೂ ಕಣ್ಣು ಪೂರಾ ಮೋಸ ಹೋಗುತ್ತದೆ. ಗಾರೆ ಕೆಲಸದವರ ತೂಗುಗುಂಡು ಒಂದಿದ್ದರೆ ಸಾಕು. ಅದೂ ಇಲ್ಲದಿದ್ದರೆ ದಾರಕ್ಕೆ ಕಲ್ಲು ಕಟ್ಟಿಕೊಳ್ಳಿ. ವಾಲು ಪಕ್ಕದಿಂದ ಕಾಣುವಂತೆ, ಮರದ ಎತ್ತರದಷ್ಟು ದೂರದಲ್ಲಿ ನಿಂತು, ಚಾಚಿದ ಕೈಯಲ್ಲಿ ದಾರ ಹಿಡಿದು ಅದನ್ನು ಮರದ ತುದಿಗೆ ಹೊಂದಿಸಿರಿ. ದಾರ ನೆಲವನ್ನು ಮುಟ್ಟಿದಂತೆ ಕಾಣುವ ಜಾಗದಲ್ಲಿ ಒಬ್ಬರಿಗೆ ಗೂಟ ನೆಡಲು ಹೇಳಿ. ಬುಡದ ನಡುವಿನಿಂದ ಆ ಗೂಟಕ್ಕೆ ಎಷ್ಟು ಅಡಿಯೋ ಅಷ್ಟು ತುದಿಯ ವಾಲು. ಇನ್ನೊಮ್ಮೆ ಮೊದಲಿನ ಜಾಗಕ್ಕೆ ಅಡ್ಡವಾಗಿ, ಅಂದರೆ ಮರದ ಹಿಂದೆ ಅಥವಾ ಮುಂದೆ ನಿಂತು, ಪಕ್ಕದ ವಾಲನ್ನೂ ನೋಡಿಕೊಳ್ಳಬೇಕು.

ಎತ್ತರ ತಿಳಿಯಲು, ಕಣ್ಣಿನಿಂದ ಚಾಚಿದ ಮುಷ್ಟಿಯವರೆಗಿನ ಉದ್ದಕ್ಕೆ ಸಮನಾದ ಕೋಲನ್ನು ನೆಟ್ಟಗೆ ಹಿಡಿದು, ಮರದ ಬುಡ ಮತ್ತು ತುದಿ ಎರಡೂ ಕೋಲಿನ ಎರಡು ತುದಿಗೆ ಸರಿಹೊಂದುವವರೆಗೆ ಹಿಂದಕ್ಕೆ ನಡೆಯಿರಿ. ಸಮತಟ್ಟು ನೆಲದಲ್ಲಿ ನೀವು ನಿಂತ ಜಾಗದಿಂದ ಮರಕ್ಕೆ ಇರುವ ದೂರವೇ ಮರದ ಎತ್ತರ.

ಕೊಂಬೆಗಳನ್ನೂ ನೋಡಬೇಕು. ಬೆಳಕಿನ ಕಡೆ ಕೊಂಬೆ ಹೆಚ್ಚು, ತೋಟದ ಕಡೆ ಬೋಳು ಎಂದಿದ್ದರೆ ಅಳತೆಗೆ ಬಂದ ವಾಲಿಗೆ ಇನ್ನೂ ಒಂದೆರಡು ಅಡಿ ಸೇರಿಸಿಕೊಳ್ಳುವುದು ಲೇಸು. ಮಳೆ ಬಂದು ಎಲೆ ನೆನೆದಿದ್ದರೆ ಆ ದಿನ ಕೆಲಸವೇ ಬೇಡ.

ಒಂದು ಲೆಕ್ಕ

ಉದಾಹರಣೆಗೆ 60 ಅಡಿ ಎತ್ತರದ ಸಿಲ್ವರ್ ಓಕ್ ಮರವೊಂದನ್ನು ತೆಗೆದುಕೊಳ್ಳೋಣ. ಬುಡದ ಸುತ್ತಳತೆ 5½ ಅಡಿ, ಅಂದರೆ ಅಡ್ಡಳತೆ ಸುಮಾರು 21 ಅಂಗುಲ. ತುದಿ 4 ಅಡಿ ಮನೆಯ ಕಡೆಗೆ ವಾಲಿದೆ. ನಮಗೆ ಅದು ತೋಟದ ಕಡೆಗೆ ಬೀಳಬೇಕು. ಬೀಳಬೇಕಾದ ಕಡೆಯನ್ನು ಮುಂದೆ ಎಂದೂ ವಾಲಿದ ಕಡೆಯನ್ನು ಹಿಂದೆ ಎಂದೂ ಕರೆಯೋಣ.

ಮುಂದಿನ ಕಡೆ ಬಾಯಿ ತೆರೆದ ಕಚ್ಚು ಹಾಕುತ್ತೇವೆ, 4 ಅಂಗುಲ ಆಳ. ಹಿಂದಿನಿಂದ ಗರಗಸದಲ್ಲಿ ಕೊಯ್ಯುತ್ತಾ ಬಂದು, ಕಚ್ಚಿಗೆ 2 ಅಂಗುಲ ಇರುವಾಗ ನಿಲ್ಲಿಸುತ್ತೇವೆ. ಕೊಯ್ಯದೆ ಉಳಿದ ಈ 2 ಅಂಗುಲದ ಪಟ್ಟಿಯೇ ಮರದ ಕೀಲು. ಬಾಗಿಲು ಕೀಲಿನ ಮೇಲೆ ತಿರುಗಿದಂತೆ ಮರ ಇದರ ಮೇಲೆ ತಿರುಗಿ ಬೀಳುತ್ತದೆ. ಕೀಲಿನಿಂದ ಹಿಂದಿನ ತೊಗಟೆಗೆ 15 ಅಂಗುಲ ಉಳಿಯಿತು. ಹಿಂದಿನ ಕೊಯ್ತದಲ್ಲಿ ಬೆಣೆ ಹೊಡೆದು ಮರವನ್ನು 1 ಅಂಗುಲ ಎತ್ತಿದರೆ 60 ಅಡಿ ಮೇಲಿರುವ ತುದಿ 4 ಅಡಿ ಮುಂದಕ್ಕೆ ಬರುತ್ತದೆ. ಅಂದರೆ ಈ ಮರ ನೆಟ್ಟಗಾಗುವುದಕ್ಕೇ 1 ಅಂಗುಲ ಬೇಕು. ಬೀಳಲು ಅದರ ಮೇಲೆ ಇನ್ನಷ್ಟು. ತುದಿಯ ವಾಲನ್ನು (ಅಡಿಗಳಲ್ಲಿ) ಕೀಲಿನಿಂದ ಬೆಣೆಯ ದೂರದಿಂದ (ಅಂಗುಲಗಳಲ್ಲಿ) ಗುಣಿಸಿ, ಎತ್ತರದಿಂದ (ಅಡಿಗಳಲ್ಲಿ) ಭಾಗಿಸಿದರೆ ಎಷ್ಟು ಅಂಗುಲ ಎತ್ತಬೇಕೆಂಬುದು ಯಾವ ಮರಕ್ಕಾದರೂ ಸಿಗುತ್ತದೆ.

ಇನ್ನು ಬಲದ ಮಾತು. ಲೆಕ್ಕ ಸುಲಭವಾಗಲೆಂದು ಮರದ ತೂಕ 1,000 ಕಿಲೋ ಎಂದಿಟ್ಟುಕೊಳ್ಳಿ. ಆ ತೂಕವೆಲ್ಲ ನಡು ಎತ್ತರದಲ್ಲಿ, ಕೀಲಿಗಿಂತ 2 ಅಡಿ ಹಿಂದೆ ನೇತಾಡುತ್ತಿದೆ ಎಂದು ಭಾವಿಸಬಹುದು. ಇದನ್ನು ಬುಡದಲ್ಲಿ ಬೆಣೆಯಿಂದ ಎತ್ತಬೇಕಾದರೆ ಸುಮಾರು 1,600 ಕಿಲೋ ಬಲ ಬೇಕಾಗುತ್ತದೆ. ಅದೇ ಮರಕ್ಕೆ 40 ಅಡಿ ಎತ್ತರದಲ್ಲಿ ಹಗ್ಗ ಕಟ್ಟಿ ಅಡ್ಡಕ್ಕೆ ಎಳೆದರೆ 50 ಕಿಲೋ ಸಾಕು! ಹಗ್ಗವನ್ನು ನೆಲದಿಂದ ಓರೆಯಾಗಿ ಎಳೆಯುವುದರಿಂದ, 80 ಅಡಿ ದೂರದಿಂದ ಎಳೆದಾಗ ಇದು 56 ಕಿಲೋ ಆಗುತ್ತದೆ. 40 ಅಡಿ ಸಮೀಪದಿಂದ ಎಳೆದರೆ 70 ಕಿಲೋ ದಾಟುತ್ತದೆ. ಕೀಲಿನ ಬಿಗಿ, ಗಾಳಿ ಇವುಗಳಿಗೆಂದು ನಾಲ್ಕೈದು ಪಟ್ಟು ಕೈಯಲ್ಲಿಟ್ಟುಕೊಂಡರೂ ಬೆಣೆಯ ಬಲಕ್ಕೂ ಹಗ್ಗದ ಬಲಕ್ಕೂ ಹೋಲಿಕೆಯೇ ಇಲ್ಲ.

ಹಾಗಾದರೆ ನಾಲ್ಕೈದು ಆಳುಗಳು ಹಗ್ಗ ಹಿಡಿದು ಎಳೆದರೆ ಮುಗಿಯಿತಲ್ಲ ಎಂದು ಕೇಳಬಹುದು. ಎಳೆಯುವ ಬಲವೊಂದನ್ನೇ ನೋಡಿದರೆ ಹೌದು. ಆದರೆ ಆಳುಗಳ ಕಾಲು ತರಗೆಲೆಯ ಮೇಲೆ ಜಾರಿದ ಕ್ಷಣಕ್ಕೆ ಮರ ಎಲ್ಲಿತ್ತೋ ಅಲ್ಲಿಗೆ ಮರಳಿ ಬರುತ್ತದೆ, ಬಂದ ರಭಸಕ್ಕೆ ಕೀಲನ್ನೂ ಮುರಿಯುತ್ತದೆ. ಆದ್ದರಿಂದ ಹಿಂದಕ್ಕೆ ವಾಲಿದ ಮರಕ್ಕೆ ಉಪಕರಣ ಆರಿಸುವಾಗ, ಅದು ಎಷ್ಟು ಎಳೆಯುತ್ತದೆ ಎನ್ನುವುದಕ್ಕಿಂತ ಎಳೆದದ್ದನ್ನು ಬಿಡದೆ ಹಿಡಿದು ನಿಲ್ಲಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು. ಬೆಣೆ ಹಿಡಿಯುತ್ತದೆ. ಕೈ ವಿಂಚ್ ಹಿಡಿಯುತ್ತದೆ. ಆಳುಗಳೂ ಜೀಪೂ ಹಿಡಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಇಂತಹದೇ ಮರ. ಹಗ್ಗ ಕಟ್ಟಿ ಜೀಪಿಗೆ ಸಿಕ್ಕಿಸಿದ್ದರು. ನೋಡಲು ಹೋಗಿದ್ದ ನಾನೂ ಇಷ್ಟು ಸಾಕು ಎಂದವರಲ್ಲಿ ಒಬ್ಬ. ಗರಗಸದ ಹಳೆಯ ಕೆಲಸಗಾರ ಮಾತ್ರ, "ಬೆಣೆ ಇಲ್ದೆ ಬೇಡ ಸಾರ್, ಮರ ಹಿಂದಕ್ಕೆ ಕೂತರೆ ಯಾರ ಮಾತೂ ಕೇಳಾಕಿಲ್ಲ" ಎಂದ. ಬೆಣೆ ಮಾಡಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೀಪು ಎಳೆಯಿತು, ಮರ ಅಲುಗಿತು, ಚಕ್ರ ಜಾರಿತು. ಮರ ಹಿಂದಕ್ಕೆ ಕುಳಿತು ಗರಗಸವನ್ನು ಕಚ್ಚಿಕೊಂಡಿತು. ಜೀಪಿನವರು ಗಾಬರಿಯಲ್ಲಿ ಜಗ್ಗಿ ಎಳೆದಾಗ ಕೀಲು ಒಂದು ಬದಿ ಹರಿದು ಮರ ಪಕ್ಕಕ್ಕೆ ತಿರುಗಿ ಕಣದ ಗೋಡೆಯ ಮೇಲೆ ಬಿತ್ತು. ಊಟದ ಹೊತ್ತಾದ್ದರಿಂದ ಕಣದಲ್ಲಿ ಕಾಫಿ ಹರವುವವರು ಯಾರೂ ಇರಲಿಲ್ಲ. ಆ ಕೆಲಸಗಾರನ ಮಾತು ನನಗೆ ಈಗಲೂ ನೆನಪಿದೆ.

ಬೆಣೆ

ವಾಲು ಕಡಿಮೆ ಇದ್ದು, ಮೇಲಿನ ಲೆಕ್ಕದಲ್ಲಿ ಎತ್ತಬೇಕಾದದ್ದು ಅರ್ಧ ಅಂಗುಲದೊಳಗೆ ಬಂದರೆ ಬೆಣೆ ಮತ್ತು ಸಮ್ಮಟಿಗೆಯೇ ಸಾಕು. ಬೆಣೆ 8 ರಿಂದ 10 ಅಂಗುಲ ಉದ್ದ, ತಲೆಯ ಕಡೆ 1 ಅಂಗುಲ ದಪ್ಪ ಇರಲಿ. ಗಿಡ್ಡ, ದಪ್ಪ ಬೆಣೆ ಬೇಗ ಎತ್ತುವಂತೆ ಕಂಡರೂ ಪ್ರತಿ ಏಟಿಗೆ ಪುಟಿದು ಹೊರಬರುತ್ತದೆ. ಚೆನ್ನಾಗಿ ಒಣಗಿದ ಜಾಲಿ ಅಥವಾ ಹುಣಸೆ ಮರದಿಂದ ಮನೆಯಲ್ಲೇ ಬೆಣೆ ಮಾಡಿಕೊಳ್ಳಬಹುದು. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಬೆಣೆಗಳು ಯಂತ್ರಗರಗಸ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಇಬ್ಬರು ಎಳೆಯುವ ಕೈಗರಗಸಕ್ಕೆ ಕಬ್ಬಿಣದ ಬೆಣೆ ನಡೆಯುತ್ತದೆ. ಯಂತ್ರಗರಗಸದ ಜೊತೆಗೆ ಕಬ್ಬಿಣ ಸರ್ವಥಾ ಕೂಡದು. ಓಡುವ ಸರಪಳಿ ಕಬ್ಬಿಣಕ್ಕೆ ತಗುಲಿದರೆ ಹಲ್ಲು ಹಾಳಾಗುವುದು ಒಂದು ಕಡೆಗಿರಲಿ, ಸರಪಳಿಯೇ ತುಂಡಾಗಿ ಎಗರಬಹುದು. ಕೊಯ್ತದೊಳಗೆ ಹಾರೆ ತುರುಕಿ ಮೀಟುವ ಅಭ್ಯಾಸವೂ ಇದೇ ಕಾರಣಕ್ಕೆ ಅಪಾಯ.

ಬೆಣೆ ಯಾವಾಗ ಹಾಕಬೇಕು ಎಂಬುದರಲ್ಲಿ ತಪ್ಪುವವರೇ ಹೆಚ್ಚು. ಮರ ಗರಗಸವನ್ನು ಹಿಡಿದ ಮೇಲೆ ಬೆಣೆ ಹುಡುಕಿದರೆ ಪ್ರಯೋಜನವಿಲ್ಲ. ಹಿಂದಿನ ಕೊಯ್ತದೊಳಗೆ ಗರಗಸದ ಪಟ್ಟಿ ಪೂರ್ತಿ ಇಳಿದು, ಅದರ ಹಿಂದೆ ಬೆರಳಗಲ ಜಾಗವಾದ ಕೂಡಲೇ ಬೆಣೆಯನ್ನು ಕೈಯಿಂದ ತೂರಿಸಿ ಲಘುವಾಗಿ ತಟ್ಟಿರಬೇಕು. ಕೊಯ್ತ ಆಳವಾದಂತೆ ಬೆಣೆಯೂ ಒಳಗೆ ಹೋಗುತ್ತಿರಬೇಕು. ಒಂದರ ಬದಲು ಎರಡು ಬೆಣೆಗಳನ್ನು ಅಕ್ಕಪಕ್ಕ ಇಟ್ಟು ಸರದಿಯಂತೆ ಹೊಡೆದರೆ ಮರ ಪಕ್ಕಕ್ಕೆ ತಿರುಗುವುದಿಲ್ಲ. ಮುಂದಿನ ಕಚ್ಚನ್ನು ವಾಡಿಕೆಯಂತೆ ಅಡ್ಡಳತೆಯ ಮೂರನೇ ಒಂದು ಭಾಗ ತೆಗೆಯದೆ ಐದನೇ ಒಂದು ಭಾಗಕ್ಕೆ ನಿಲ್ಲಿಸಲು ಹೇಳುವುದೂ ಬೆಣೆಗೆ ಜಾಗ ಸಿಗಲೆಂದೇ.

ಹತ್ತು ಅಂಗುಲಕ್ಕಿಂತ ಸಣ್ಣ ಮರದಲ್ಲಿ ಗರಗಸದ ಪಟ್ಟಿಯೇ ಕೊಯ್ತವನ್ನೆಲ್ಲ ತುಂಬಿಕೊಳ್ಳುವುದರಿಂದ ಬೆಣೆಗೆ ಎಡೆಯೇ ಇರುವುದಿಲ್ಲ. ಅಂತಹ ಮರಕ್ಕೆ ಹಿಂದಿನ ಕೊಯ್ತವನ್ನು ಎರಡು ಹಂತದಲ್ಲಿ ಮಾಡಿ, ಒಂದು ಬದಿ ಕೊಯ್ದು ಅಲ್ಲಿ ಬೆಣೆ ಹಾಕಿ ಬಿಗಿದ ನಂತರ ಇನ್ನೊಂದು ಬದಿ ಕೊಯ್ಯಬಹುದು. ಐದಾರು ಅಂಗುಲದ ಎಳೆ ಮರಗಳಿಗಾದರೆ ಉದ್ದನೆಯ ಕವೆಗೋಲಿನಿಂದ ತಲೆಯ ಮೇಲಿನ ಎತ್ತರದಲ್ಲಿ ಒತ್ತಿ ಹಿಡಿದರೆ ಸಾಕಾಗುತ್ತದೆ. ಕೋಲಿನ ಬುಡವನ್ನು ನೆಲಕ್ಕೆ ಊರಿರಬೇಕು, ಬರಿಗೈಯಲ್ಲಿ ಹಿಡಿದರೆ ಸಾಲದು.

ಬೆಣೆಗೆ ಒಂದು ದೊಡ್ಡ ಕೊರತೆಯಿದೆ. ಅದನ್ನು ಹೊಡೆಯುವವನು ನಿಲ್ಲುವುದು ಮರದ ಹಿಂದೆ, ಅಂದರೆ ವಾಲಿದ ಮರದ ಕೆಳಗೇ. ಕೆಲಸ ಕೆಟ್ಟರೆ ಮರ ಬರುವುದು ಅವನ ಮೇಲೆ. ಏಟಿನ ಅದುರುವಿಕೆಗೆ ಒಣಗಿದ ಕೊಂಬೆಯೂ ಬೀಳಬಹುದು. ವಾಲು ಹೆಚ್ಚಿದಷ್ಟೂ ಏಟುಗಳು ಹೆಚ್ಚು, ಅವನು ಅಲ್ಲಿ ನಿಲ್ಲುವ ಹೊತ್ತೂ ಹೆಚ್ಚು. ನಮ್ಮ ಉದಾಹರಣೆಯ ಮರವನ್ನು ಬೆಣೆಯಿಂದಲೇ ಕೆಡವುವ ಗಟ್ಟಿಗರಿದ್ದಾರೆ. ನಾನು ಮಾತ್ರ ಅದಕ್ಕೆ ಶಿಫಾರಸು ಮಾಡಲಾರೆ.

ಹಗ್ಗ ಮತ್ತು ಕೈ ವಿಂಚ್

ಎತ್ತಬೇಕಾದದ್ದು ಅರ್ಧ ಅಂಗುಲದಿಂದ ಎರಡು ಅಂಗುಲದವರೆಗೆ ಇದ್ದರೆ ಎಳೆಯುವ ಸಾಧನ ಬೇಕು, ಜೊತೆಗೆ ಬೆಣೆಯೂ ಇರಬೇಕು. ವಿಂಚ್ ಎಳೆದಂತೆಲ್ಲ ಬೆಣೆಯನ್ನು ಒಳಕ್ಕೆ ತಟ್ಟುತ್ತಾ ಹೋದರೆ, ಹಗ್ಗ ಹರಿದರೂ ಮರ ಬೆಣೆಯ ಮೇಲೆ ನಿಲ್ಲುತ್ತದೆ. ಇಲ್ಲಿ ಬೆಣೆಯ ಮೇಲೆ ಭಾರವಿರುವುದಿಲ್ಲವಾದ್ದರಿಂದ ಒಂದೆರಡು ತಟ್ಟು ಸಾಕು. ಹಿಂದೆ ನಿಂತು ಗುದ್ದುವ ಪ್ರಮೇಯ ಬರುವುದಿಲ್ಲ.

ತಂತಿಹಗ್ಗ ಒಳಗೆ ತೂರಿ ಹಾಯ್ದುಹೋಗುವ ಕೈ ವಿಂಚ್ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಹಿಡಿಕೆಯನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿದಂತೆ ತಂತಿ ಸ್ವಲ್ಪ ಸ್ವಲ್ಪವೇ ಬರುತ್ತದೆ, ಕೈ ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ, ಎಷ್ಟು ಉದ್ದ ಬೇಕಾದರೂ ಎಳೆಯಬಹುದು. ಒಂದು ಟನ್ನು ಎಳೆಯುವ ಶಕ್ತಿಯದು ತೋಟದ ಮರಗಳಿಗೆ ಸಾಕು. ಮೋಟಾರು ಗ್ಯಾರೇಜುಗಳಲ್ಲಿ ಬಳಸುವ ಚೈನ್ ಬ್ಲಾಕ್ ಸಹ ಹಿಡಿದು ನಿಲ್ಲುತ್ತದೆ. ಆದರೆ ಸಾಮಾನ್ಯವಾಗಿ ಅದರ ಸರಪಳಿಯ ಓಟ ಹತ್ತು ಅಡಿಯಷ್ಟೇ. ನಮ್ಮ ಮರ ನೆಟ್ಟಗಾಗಿ ಮುಂದಕ್ಕೆ ಬಾಗುವಷ್ಟರಲ್ಲಿ 40 ಅಡಿ ಎತ್ತರದಲ್ಲಿರುವ ಹಗ್ಗದ ಗಂಟು ಆರು ಅಡಿಗೂ ಹೆಚ್ಚು ಸರಿಯಬೇಕಾಗುತ್ತದೆ. ಹಗ್ಗದ ಸಡಿಲವನ್ನು ಮೊದಲೇ ಕೈಯಿಂದ ಎಳೆದು ಬಿಗಿಗೊಳಿಸದಿದ್ದರೆ ಮರ ನಡುದಾರಿಯಲ್ಲಿರುವಾಗ ಸರಪಳಿ ಮುಗಿದುಹೋಗುತ್ತದೆ.

ಹಗ್ಗದ ವಿಷಯದಲ್ಲಿ ಬೆಳೆಗಾರರು ನೈಲಾನನ್ನೇ ನೆಚ್ಚುತ್ತಾರೆ. ಗಟ್ಟಿಯೇನೋ ಹೌದು, ಆದರೆ ಅದು ಹಿಗ್ಗುತ್ತದೆ. ನೂರು ಅಡಿ ಹಗ್ಗವಿದ್ದರೆ ವಿಂಚ್ ಎಳೆದದ್ದರಲ್ಲಿ ಒಂದಷ್ಟು ಭಾಗ ಮರವನ್ನು ತಲುಪುವುದೇ ಇಲ್ಲ. ಹಿಗ್ಗಿದ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಮರಕ್ಕೆ ಕಟ್ಟುವ ಭಾಗಕ್ಕೆ ಮಾತ್ರ 16 ಮಿಲಿಮೀಟರಿಗೆ ಕಡಿಮೆಯಿಲ್ಲದ ಹೊಸ ಹಗ್ಗ ಬಳಸಿ, ಉಳಿದ ದೂರಕ್ಕೆ ತಂತಿಹಗ್ಗ ಹಾಕುವುದು ಸರಿ. ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ಬಾವಿಯಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಹಳೆಯದಾದ ಹಗ್ಗಕ್ಕೆ ಈ ಕೆಲಸ ಹೇಳಬೇಡಿ.

ಹಗ್ಗವನ್ನು ಮರದ ಎತ್ತರದ ಮೂರನೇ ಎರಡು ಭಾಗದಲ್ಲಿ, ಕಾಂಡಕ್ಕೇ ಕಟ್ಟಬೇಕು, ಕೊಂಬೆಗಲ್ಲ. ವಿಂಚಿಗೆ ಆಧಾರವಾಗಿ ಮುಂದಿನ ದಿಕ್ಕಿನಲ್ಲಿರುವ ಗಟ್ಟಿ ಮರವೊಂದರ ಬುಡವನ್ನು ಆರಿಸಿ, ತೊಗಟೆಗೆ ಗೋಣಿಚೀಲ ಸುತ್ತಿ. ಆ ಆಧಾರ ಮರ ಕೆಡವುವ ಮರದ ಎತ್ತರಕ್ಕಿಂತ ಒಂದೂವರೆ ಪಟ್ಟಾದರೂ ದೂರದಲ್ಲಿರಲಿ. ಅಲ್ಲಿ ಕಪ್ಪಿಯೊಂದನ್ನು ಕಟ್ಟಿ ತಂತಿಯನ್ನು ಪಕ್ಕಕ್ಕೆ ತಿರುಗಿಸಿ, ವಿಂಚನ್ನು ಬದಿಯ ಇನ್ನೊಂದು ಮರದ ಹತ್ತಿರ ಇಟ್ಟುಕೊಂಡರೆ ಎಳೆಯುವವನು ಬೀಳುವ ದಾರಿಯಿಂದಲೂ, ಬಿಗಿದ ಹಗ್ಗದ ನೇರದಿಂದಲೂ ಹೊರಗಿರುತ್ತಾನೆ. ಕಪ್ಪಿ ಕಟ್ಟಿದ ಮರದ ಮೇಲೆ ಎಳೆತದ ಒಂದೂವರೆ ಪಟ್ಟಿನಷ್ಟು ಭಾರ ಬೀಳುವುದರಿಂದ ಅದು ಸಣ್ಣ ಮರವಾಗಿರಬಾರದು.

ಕೊಯ್ಯುವ ಮೊದಲು ಹಗ್ಗವನ್ನು ಸಡಿಲ ಹೋಗುವಷ್ಟು ಮಾತ್ರ ಬಿಗಿಯಬೇಕು. ಬಹಳ ಬಿಗಿದು ಕೊಯ್ದರೆ ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಅರ್ಧ ಕೊಯ್ಯುವವನ ಎದೆಗೆ ಒದೆಯುತ್ತದೆ. ಹಿಂದಿನ ಕೊಯ್ತ ಮುಗಿದು ಬೆಣೆ ಕುಳಿತ ಮೇಲೆ ಗರಗಸದವನು ಪಕ್ಕಕ್ಕೆ ಸರಿದು ನಿಲ್ಲಲಿ, ಆಮೇಲೆ ವಿಂಚ್ ಆಡಿಸಿರಿ. ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ಸವರಿ ಇಟ್ಟಿರಬೇಕು. ನೆಟ್ಟಗಿನ ಮರಕ್ಕೆ ಓರೆಯಾಗಿ ಹಿಂದಕ್ಕೆ ಸರಿಯಿರಿ ಎನ್ನುತ್ತೇವೆ. ಹಿಂದಕ್ಕೆ ವಾಲಿದ ಮರಕ್ಕೆ ಹಿಂದೆ ಹೋಗುವಂತಿಲ್ಲ, ಬಲಕ್ಕೋ ಎಡಕ್ಕೋ ಹೋಗಬೇಕು.

ಟ್ರ್ಯಾಕ್ಟರ್ ಬಳಸಲೇಬಾರದೆಂದಿಲ್ಲ. ಅದು ಬುಡಕ್ಕೆ ಕೀಲು ಮಾಡುವ ಮೊದಲೇ ನೆಲೆಗೊಂಡು, ಕೆಳಗಿನ ಗೇರಿನಲ್ಲಿ ನಿಧಾನವಾಗಿ, ಜಗ್ಗದೆ ಎಳೆಯಬೇಕು. ಹಗ್ಗವನ್ನು ಕೆಳಗಿನ ಎಳೆಪಟ್ಟಿಗೇ ಸಿಕ್ಕಿಸಬೇಕು. ಮೇಲಿನ ಕೊಂಡಿಗೆ ಕಟ್ಟಿದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಚಾಲಕನ ಮೇಲೆ ಮಗುಚುತ್ತದೆ. ಬೆಣೆ ಇಲ್ಲದೆ ಟ್ರ್ಯಾಕ್ಟರ್ ಬೇಡ. ಇಳಿಜಾರಿನಲ್ಲಿ ಬೆಣೆ ಇದ್ದರೂ ಬೇಡ.

ಇವು ಯಾವುವೂ ಸಾಲದಾದಾಗ

ತುದಿಯ ವಾಲು ಎತ್ತರದ ಎಂಟನೇ ಒಂದು ಭಾಗವನ್ನು ಮೀರಿದರೆ, ಅಂದರೆ 60 ಅಡಿ ಮರದಲ್ಲಿ ಏಳೂವರೆ ಅಡಿಗಿಂತ ಹೆಚ್ಚಾದರೆ, ಬುಡದಿಂದ ಕಡಿದು ವಾಲಿಗೆ ವಿರುದ್ಧವಾಗಿ ಕೆಡವುವ ಯೋಚನೆ ಬಿಡುವುದೇ ಮೇಲು. ಅಷ್ಟು ದೂರ ತಿರುಗುವ ಮೊದಲೇ ಕೀಲಿನ ನಾರು ಹರಿದುಹೋಗಬಹುದು. ಬುಡ ಟೊಳ್ಳಾಗಿದ್ದರೆ, ಗೆದ್ದಲು ಹಿಡಿದಿದ್ದರೆ, ಬೇರು ಎದ್ದಿದ್ದರೆ ವಾಲು ಎಷ್ಟೇ ಇರಲಿ ಇದೇ ಮಾತು. ಮೊದಲು ವಾಲಿನ ಕಡೆಯ ಕೊಂಬೆಗಳನ್ನು ಸವರಿಸಿ ಮತ್ತೆ ಅಳೆದು ನೋಡಬಹುದು. ಎಷ್ಟೋ ಸಲ ಅಷ್ಟರಿಂದಲೇ ಮರ ವಿಂಚಿನ ಅಳವಿಗೆ ಬರುತ್ತದೆ. ಇಲ್ಲದಿದ್ದರೆ ಅನುಭವವಿರುವ ಮರ ಹತ್ತುವವರಿಂದ ತುದಿಯಿಂದ ತುಂಡು ತುಂಡಾಗಿ, ಹಗ್ಗದಲ್ಲಿ ಇಳಿಸಿ ತೆಗೆಸಬೇಕು. ಕೂಲಿ ಹೆಚ್ಚಾಯಿತೆಂದು ಕೊರಗುವ ಮುನ್ನ ಮನೆಯ ಮಾಡಿನ ಬೆಲೆಯನ್ನೂ ಲೆಕ್ಕ ಹಾಕಿ.

ತೆಂಗಿನ ಮರಕ್ಕೆ ಮೇಲೆ ಹೇಳಿದ ಕೀಲು, ಬೆಣೆಗಳ ಲೆಕ್ಕ ಅನ್ವಯಿಸುವುದಿಲ್ಲ. ಅದರ ಕಾಂಡದ ಹೊರಭಾಗ ಗಟ್ಟಿ, ಒಳಗೆ ಮೆತ್ತಗೆ. ಹೊಡೆದ ಬೆಣೆ ಮರವನ್ನು ಎತ್ತುವ ಬದಲು ತಾನೇ ಒಳಗೆ ಹುದುಗಿಹೋಗುತ್ತದೆ. ಮನೆಯ ಮೇಲೆ ವಾಲಿದ ತೆಂಗನ್ನು ತಲೆಯಿಂದಲೇ ಕತ್ತರಿಸುತ್ತಾ ಬರಬೇಕು.

ವಿದ್ಯುತ್ ತಂತಿಯ ಸಮೀಪದ ಮರವಾದರೆ ಹಗ್ಗ, ವಿಂಚ್ ಎಲ್ಲವೂ ಆಮೇಲೆ. ಮೊದಲು ಆ ಭಾಗದ ವಿದ್ಯುತ್ ಕಚೇರಿಗೆ ಬರೆದುಕೊಟ್ಟು, ಅವರ ಸಿಬ್ಬಂದಿ ಬಂದು ಮಾರ್ಗದ ವಿದ್ಯುತ್ ಕಡಿತ ಮಾಡಿದ ಬಳಿಕವೇ ಕೆಲಸ. ಒದ್ದೆ ಹಗ್ಗದಲ್ಲಿಯೂ ವಿದ್ಯುತ್ ಹರಿಯುತ್ತದೆ, ತಂತಿಹಗ್ಗವನ್ನಂತೂ ಹೇಳಬೇಕಾಗಿಲ್ಲ. ಮರ ಹತ್ತಲು ಅಲ್ಯೂಮಿನಿಯಂ ಏಣಿ ಬಳಸಿ, ಅದು ತಂತಿಗೆ ತಗುಲಿ ಕೂಲಿಗಳು ಸತ್ತದ್ದು ಕಾಫಿ ಸೀಮೆಯಲ್ಲಿ ಒಂದೆರಡು ಸಲವಲ್ಲ. ಬಿದಿರಿನ ಏಣಿ ತನ್ನಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ತೆಂಗು ಮುಂತಾದ ಕೆಲವು ಮರಗಳಿಗೆ ಅದರಿಂದ ವಿನಾಯಿತಿಯಿದೆ. ನಿಮ್ಮ ಜಮೀನಿನ ಸ್ವರೂಪವನ್ನು ತಿಳಿಸಿ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕೊಯ್ಲು ಮುಗಿದು, ಹೂಮಳೆ ಬೀಳುವ ಮೊದಲಿನ ದಿನಗಳು ಕಡಿಯಲು ಅನುಕೂಲ. ನೆಲ ಒಣಗಿರುತ್ತದೆ, ಗಿಡದಲ್ಲಿ ಕಾಯಿಯೂ ಇರುವುದಿಲ್ಲ, ಹೂವೂ ಇರುವುದಿಲ್ಲ. ಗಾಳಿ ಏಳುವ ಮೊದಲು ಬೆಳಿಗ್ಗೆಯೇ ಕೆಲಸ ಮುಗಿಸಬೇಕು.

ವರ್ಷಕ್ಕೆ ನಾಲ್ಕೋ ಐದೋ ಮರ ಕಡಿಯುವ ಸಣ್ಣ ಬೆಳೆಗಾರ ವಿಂಚ್ ಕೊಳ್ಳುವುದು ದುಬಾರಿ ಎನಿಸಬಹುದು. ಅಕ್ಕಪಕ್ಕದ ಏಳೆಂಟು ಮಂದಿ ಸೇರಿ ಒಂದನ್ನು ಕೊಂಡು, ಒಬ್ಬರ ಮನೆಯಲ್ಲಿ ಇಟ್ಟು, ಬಳಸಿದವರು ಒರೆಸಿ ಎಣ್ಣೆ ಹಾಕಿ ಹಿಂದಿರುಗಿಸುವ ಏರ್ಪಾಡು ಮಾಡಿಕೊಳ್ಳಬಹುದು. ಹತ್ತಾರು ಕೈ ಬದಲಾಗುವ ಸಾಮಾನಿನಲ್ಲಿ ಮೊದಲು ಕೆಡುವುದು ತಂತಿಹಗ್ಗ. ಪ್ರತಿ ಸಲ ತರುವಾಗಲೂ ಒಂದು ಹಳೆಯ ಬಟ್ಟೆಯನ್ನು ಹಿಡಿದು ತಂತಿಯ ಉದ್ದಕ್ಕೂ ಸವರಿಕೊಂಡು ಹೋಗಿ. ಎಳೆ ಕಡಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ. ಸಿಕ್ಕಿಕೊಂಡರೆ ಆ ದಿನದ ಕೆಲಸ ನಿಲ್ಲಿಸಿ, ತಂತಿಹಗ್ಗ ಬದಲಾಯಿಸಿದ ಮೇಲೆ ಮರದ ಹತ್ತಿರ ಹೋಗಿ.